ಇಳಿದದ್ದು ಸರಿಯಾಗಿತ್ತು, ಏಳಲಾಗಲಿಲ್ಲ: ಟನಾಮಿ ಮರುಭೂಮಿಯಲ್ಲಿ ‘ಕೂಕಬುರಾ’, 1929

1929ರ ಏಪ್ರಿಲ್ 10ರ ಬೆಳಗ್ಗೆ ಆಸ್ಟ್ರೇಲಿಯಾದ ನಡುಮಧ್ಯದ ಆಲಿಸ್ ಸ್ಪ್ರಿಂಗ್ಸ್‌ನಿಂದ ಎರಡು ಸೀಟಿನ ‘ಕೂಕಬುರಾ’ ಎಂಬ ಪುಟ್ಟ ವಿಮಾನ ಮೇಲೆದ್ದಿತು. ಹೋಗಬೇಕಾದದ್ದು ವಾಯವ್ಯ ಕರಾವಳಿಯ ವಿಂಡಮ್‌ಗೆ. ಒಳಗಿದ್ದವರು ಪೈಲಟ್ ಕೀತ್ ಆಂಡರ್ಸನ್ ಮತ್ತು ಮೆಕ್ಯಾನಿಕ್ ಬಾಬ್ ಹಿಚ್‌ಕಾಕ್. ಅದೇ ದಿನ ಎಂಜಿನ್ ಕೈಕೊಟ್ಟು ಟನಾಮಿ ಮರುಭೂಮಿಯಲ್ಲಿ ಇಳಿಯಬೇಕಾಯಿತು. ವಿಮಾನವನ್ನು ಮುರಿಯದೆ ಇಳಿಸಿದರು. ಇಬ್ಬರೂ ಬದುಕಿದ್ದರು, ಎಂಜಿನ್ ಬಲ್ಲ ಮೆಕ್ಯಾನಿಕ್ ಜೊತೆಯಲ್ಲೇ ಇದ್ದ, ಟ್ಯಾಂಕಿನಲ್ಲಿ ಪೆಟ್ರೋಲ್ ಇತ್ತು. ಆದರೂ ಇಬ್ಬರೂ ಬಾಯಾರಿಕೆಯಿಂದ ಅಲ್ಲೇ ಸತ್ತರು.

ಜನವಸತಿ ಇಲ್ಲದ ಒಳನಾಡಿನ ಮೇಲೆ ಸಣ್ಣ ಖಾಸಗಿ ವಿಮಾನ ಹಾರಿಸುವವರು ಬಿಡಿಸಿ ನೋಡಲೇಬೇಕಾದ ಪ್ರಕರಣವಿದು. ‘ಎಂಜಿನ್ ಕೆಟ್ಟಿತು, ಸತ್ತರು’ ಎಂದು ಹೇಳಿ ಮುಗಿಸಿದರೆ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ. ಆ ನೆಲದಲ್ಲಿ ಇಳಿಯುವುದು ಅಷ್ಟು ಕಷ್ಟವಲ್ಲ. ಅಲ್ಲಿಂದ ಮತ್ತೆ ಏಳುವುದು, ಏಳಲಾಗದಿದ್ದರೆ ಯಾರಾದರೂ ಬರುವವರೆಗೆ ಉಸಿರು ಹಿಡಿದಿರುವುದು ಕಷ್ಟ. ಆ ಎರಡಕ್ಕೂ ಬೇಕಾದದ್ದನ್ನು ಆಲಿಸ್ ಸ್ಪ್ರಿಂಗ್ಸ್‌ನಲ್ಲೇ ವಿಮಾನಕ್ಕೆ ಹಾಕಿಕೊಳ್ಳಬೇಕಿತ್ತು.

ಹಿನ್ನೆಲೆ

1929ರ ಮಾರ್ಚ್ 30ರಂದು ಆಸ್ಟ್ರೇಲಿಯಾದ ಪೈಲಟ್‌ಗಳಾದ ಚಾರ್ಲ್ಸ್ ಕಿಂಗ್ಸ್‌ಫರ್ಡ್ ಸ್ಮಿತ್ ಮತ್ತು ಚಾರ್ಲ್ಸ್ ಉಲ್ಮ್ ತಮ್ಮ ಮೂರು ಎಂಜಿನ್ನಿನ ‘ಸದರ್ನ್ ಕ್ರಾಸ್’ನಲ್ಲಿ ಸಿಡ್ನಿ ಬಳಿಯ ರಿಚ್‌ಮಂಡ್‌ನಿಂದ ಇಂಗ್ಲೆಂಡಿಗೆ ಹೊರಟರು. ಮೊದಲ ನಿಲುಗಡೆ ವಿಂಡಮ್. ಕೆಟ್ಟ ಹವೆಯಲ್ಲಿ ದಾರಿ ತಪ್ಪಿ ವಾಯವ್ಯ ಆಸ್ಟ್ರೇಲಿಯಾದ ಕಿಂಬರ್ಲಿಯ ಗ್ಲೆನೆಲ್ಗ್ ನದಿಯ ಬಳಿ ಕೆಸರು ಬಯಲಿನಲ್ಲಿ ಇಳಿದರು. ದೇಶವೇ ಹುಡುಕಾಟಕ್ಕೆ ನಿಂತಿತು. ಕಿಂಗ್ಸ್‌ಫರ್ಡ್ ಸ್ಮಿತ್‌ರ ಹಳೆಯ ಪಾಲುದಾರ ಆಂಡರ್ಸನ್, 1928ರಲ್ಲಿ ಪೆಸಿಫಿಕ್ ಸಾಗರ ದಾಟಿದ ಹಾರಾಟದಿಂದ ತನ್ನನ್ನು ಕೈಬಿಟ್ಟಿದ್ದರೂ, ಗೆಳೆಯನನ್ನು ಹುಡುಕಲು ತನ್ನ ‘ಕೂಕಬುರಾ’ ತೆಗೆದುಕೊಂಡು ಹೊರಟ.

ಕೂಕಬುರಾ ವೆಸ್ಟ್‌ಲ್ಯಾಂಡ್ ವಿಜನ್ ಮಾದರಿಯ ವಿಮಾನ. ತಲೆಯ ಮೇಲೆ ಒಂದೇ ರೆಕ್ಕೆ, ತೆರೆದ ಎರಡು ಸೀಟು, ಮುಂದೆ ಸುಮಾರು 80 ಅಶ್ವಶಕ್ತಿಯ ನಾಲ್ಕು ಸಿಲಿಂಡರಿನ ಸಿರಸ್ ಎಂಜಿನ್. ಸಾಮಾನ್ಯ ಹಾರಾಟದಲ್ಲಿ ಗಂಟೆಗೆ 135–140 ಕಿ.ಮೀ. ಸಾಗುವ ಗಾಡಿ. ರೇಡಿಯೋ ಇರಲಿಲ್ಲ. ದಿಕ್ಸೂಚಿ ಸರಿಯಾಗಿ ತೋರಿಸುತ್ತಿರಲಿಲ್ಲ. ಕುಡಿಯುವ ನೀರು ಕೆಲವೇ ಲೀಟರ್.

ಏಪ್ರಿಲ್ 12ರಂದು ‘ಕ್ಯಾನ್‌ಬೆರಾ’ ಎಂಬ ದೊಡ್ಡ ವಿಮಾನದಲ್ಲಿ ಹುಡುಕಿದ ಲೆಸ್ ಹೋಲ್ಡನ್ ತಂಡಕ್ಕೆ ಸದರ್ನ್ ಕ್ರಾಸ್ ಸಿಕ್ಕಿತು. ಅದರಲ್ಲಿದ್ದ ನಾಲ್ವರೂ ಬದುಕಿದ್ದರು. ಕ್ಯಾನ್‌ಬೆರಾದಲ್ಲಿ ರೇಡಿಯೋ ಆಪರೇಟರ್ ಇದ್ದ. ಆ ಹೊತ್ತಿಗೆ ಹುಡುಕಲು ಹೋದ ಆಂಡರ್ಸನ್ ಮತ್ತು ಹಿಚ್‌ಕಾಕ್ ಎರಡು ದಿನದಿಂದ ಮರುಭೂಮಿಯ ಪೊದೆಗಳ ನಡುವೆ ಸಿಕ್ಕಿಕೊಂಡಿದ್ದರು.

ಮೊದಲ ಕೊಂಡಿ: ನೇರ ಗೆರೆ

ಆಲಿಸ್ ಸ್ಪ್ರಿಂಗ್ಸ್‌ನಿಂದ ವಿಂಡಮ್‌ಗೆ ನೇರ ಗೆರೆ ಎಳೆದರೆ ಸುಮಾರು 1,095 ಕಿ.ಮೀ. ಬೆಂಗಳೂರಿನಿಂದ ಬೀದರ್‌ಗೆ ಹಾರಿ ಮತ್ತೆ ಬೆಂಗಳೂರಿಗೆ ಬಂದಷ್ಟು ದೂರ. ವ್ಯತ್ಯಾಸವೇನೆಂದರೆ ನಡುವೆ ಒಂದು ಊರು, ಒಂದು ರಸ್ತೆ, ಒಂದು ಕೆರೆ ಕಾಣುವುದಿಲ್ಲ. ಟನಾಮಿ ಒಂದರ ವಿಸ್ತಾರವೇ ಹೆಚ್ಚುಕಡಿಮೆ ಕರ್ನಾಟಕದಷ್ಟಿದೆ. ಕೆಂಪು ಮರಳು, ಸ್ಪಿನಿಫೆಕ್ಸ್ ಹುಲ್ಲಿನ ಗಡ್ಡೆಗಳು, ಆಳೆತ್ತರದ ಪೊದೆ. ಎರಡು ಸಾವಿರ ಅಡಿ ಮೇಲಿಂದ ನೋಡಿದರೆ ಬೆಳಗ್ಗೆ ಕಂಡದ್ದೇ ಮಧ್ಯಾಹ್ನವೂ ಕಾಣುತ್ತದೆ.

ಆಂಡರ್ಸನ್ ಮೊದಲ 160 ಕಿ.ಮೀ. ಉತ್ತರಕ್ಕೆ ಹೋಗುವ ಟೆಲಿಗ್ರಾಫ್ ತಂತಿಯ ಸಾಲನ್ನು ಹಿಡಿದು ಹಾರಿದ. ಆಮೇಲೆ ಅದನ್ನು ಬಿಟ್ಟು ಎಡಕ್ಕೆ, ಮರುಭೂಮಿಯ ಮೇಲೆ ಅಡ್ಡ ಹೊರಟ. ಪ್ರಕರಣದ ತಿರುವು ಇಲ್ಲೇ ಇದೆ, ಎಂಜಿನ್ನಿನಲ್ಲಿ ಅಲ್ಲ.

ಇನ್ನೊಂದು ದಾರಿ ಇತ್ತು. ತಂತಿ ಸಾಲನ್ನು ಬಿಡದೆ ನ್ಯೂಕಾಸಲ್ ವಾಟರ್ಸ್‌ವರೆಗೆ ಹೋಗಿ, ಅಲ್ಲಿಂದ ದನ ಅಟ್ಟುವವರ ಮುರಾಂಜಿ ದಾರಿಯ ಮೇಲೆ ಪಶ್ಚಿಮಕ್ಕೆ ತಿರುಗಿ, ವಿಕ್ಟೋರಿಯಾ ರಿವರ್ ಡೌನ್ಸ್ ದನದ ಕೇಂದ್ರದ (ದನ ಸಾಕುವ ಭಾರಿ ಎಸ್ಟೇಟಿನ) ಮೇಲಿಂದ ವಿಂಡಮ್. ನಕ್ಷೆಯಲ್ಲಿ ಅಳೆದರೆ ಸುಮಾರು 1,315 ಕಿ.ಮೀ. ಅಂದರೆ ನೇರ ಗೆರೆ ಉಳಿಸಿಕೊಟ್ಟದ್ದು 220 ಕಿ.ಮೀ., ಆ ವಿಮಾನದ ವೇಗದಲ್ಲಿ ಒಂದೂವರೆ ಗಂಟೆ ಚಿಲ್ಲರೆ. ತಂತಿ ಸಾಲಿನ ಕೆಳಗೆ ಟೆಲಿಗ್ರಾಫ್ ಠಾಣೆಗಳಿದ್ದವು, ನೀರಿತ್ತು, ತಂತಿಯನ್ನು ನೋಡಿಕೊಳ್ಳುವ ಜನ ಓಡಾಡುತ್ತಿದ್ದರು. ತಂತಿಯನ್ನು ಕತ್ತರಿಸಿದರೂ ಸಾಕು, ಎಲ್ಲಿ ತುಂಡಾಗಿದೆಯೆಂದು ಹುಡುಕಿಕೊಂಡು ಮನುಷ್ಯ ಬಂದೇ ಬರುತ್ತಿದ್ದ. ಒಂದೂವರೆ ಗಂಟೆಗಾಗಿ ಇದಿಷ್ಟನ್ನೂ ಬಿಟ್ಟುಕೊಟ್ಟಂತಾಯಿತು.

ದಿಕ್ಸೂಚಿಯ ತಪ್ಪು ಎಷ್ಟು ದುಬಾರಿ ಎಂಬುದಕ್ಕೆ ಪೈಲಟ್‌ಗಳ ಬಾಯಿಲೆಕ್ಕ ಒಂದಿದೆ: 60 ಮೈಲಿಗೆ ಒಂದು ಡಿಗ್ರಿ ತಪ್ಪಿದರೆ ಒಂದು ಮೈಲಿ ಆಚೆ. ಗುರುತಿಲ್ಲದ ನೆಲದ ಮೇಲೆ 500 ಕಿ.ಮೀ. ಹಾರಿ, 5 ಡಿಗ್ರಿ ತಪ್ಪಿದ್ದರೆ 42 ಕಿ.ಮೀ. ಪಕ್ಕಕ್ಕೆ ಹೋಗಿರುತ್ತೀರಿ. ಗಂಟೆಗೆ 15 ಕಿ.ಮೀ. ಅಡ್ಡಗಾಳಿ ನಾಲ್ಕು ಗಂಟೆ ಬೀಸಿದರೆ ಇನ್ನೂ 60 ಕಿ.ಮೀ. ಎರಡೂ ಒಂದೇ ಕಡೆಗೆ ಸೇರಿದರೆ ನೂರು ಕಿ.ಮೀ. ದಾಟುತ್ತದೆ. ಆ ದಿನ ಸರಿಯಿಲ್ಲದ ದಿಕ್ಸೂಚಿಯೂ ಇತ್ತು, ಅಡ್ಡಗಾಳಿಯೂ ಇತ್ತು. ನೆಲ ಮುಟ್ಟಿದಾಗ ತಾವು ಎಲ್ಲಿದ್ದೇವೆ ಎಂಬುದು ಅವರಿಗೆ ಖಚಿತವಾಗಿ ಗೊತ್ತಿರಲಿಲ್ಲ. ಇಳಿದ ಜಾಗ ವೇವ್ ಹಿಲ್ ದನದ ಕೇಂದ್ರದಿಂದ ಆಗ್ನೇಯಕ್ಕೆ ಸುಮಾರು 130 ಕಿ.ಮೀ. ದೂರದಲ್ಲಿತ್ತು. ಗಾಳಿಯಲ್ಲಿದ್ದರೆ ಒಂದು ಗಂಟೆಯ ದಾರಿ.

ಎರಡನೇ ಕೊಂಡಿ: ಒಂದು ಲಾಕ್‌ನಟ್

ಸಿರಸ್‌ನಂಥ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ (ಕ್ಯಾಮ್ ಎಂಬ ಉಬ್ಬುಗಳಿರುವ ತಿರುಗುವ ದಂಡ) ಕೆಳಗಿರುತ್ತದೆ, ವಾಲ್ವುಗಳು ಸಿಲಿಂಡರಿನ ತಲೆಯ ಮೇಲೆ. ನಡುವೆ ಉದ್ದನೆಯ ಪುಶ್‌ರಾಡ್ ನಿಂತಿರುತ್ತದೆ. ಕ್ಯಾಮ್ ಎತ್ತಿದಾಗ ರಾಡ್ ಮೇಲಕ್ಕೆ ದೂಡುತ್ತದೆ, ರಾಕರ್ ಎಂಬ ತೂಗುವ ಸನ್ನೆ ಮಗುಚಿ ವಾಲ್ವನ್ನು ಒತ್ತಿ ತೆರೆಯುತ್ತದೆ. ರಾಡಿಗೂ ವಾಲ್ವಿಗೂ ನಡುವೆ ಕಾಗದದ ದಪ್ಪದಷ್ಟು ಸಡಿಲ ಬಿಟ್ಟು, ಹೊಂದಿಸುವ ಸ್ಕ್ರೂವನ್ನು ಲಾಕ್‌ನಟ್‌ನಿಂದ ಬಿಗಿ ಮಾಡಿರುತ್ತಾರೆ. ಈ ನಟ್ಟು ಸಡಿಲಾದರೆ ಸ್ಕ್ರೂ ಹಿಂದಕ್ಕೆ ತಿರುಗಿ ಸಡಿಲ ಹೆಚ್ಚುತ್ತ ಹೋಗುತ್ತದೆ. ಮೊದಲು ಟಕ್ ಟಕ್ ಸದ್ದು, ಆಮೇಲೆ ವಾಲ್ವು ಅರ್ಧವೇ ತೆರೆಯುವುದು, ಕೊನೆಗೆ ಆ ಸಿಲಿಂಡರು ಕೆಲಸವನ್ನೇ ಬಿಡುವುದು. ಸುಟ್ಟ ಗಾಳಿ ಹೊರಗೆ ಹೋಗದಿದ್ದರೆ ಹೊಸ ಮಿಶ್ರಣ ಒಳಗೆ ಬರಲು ಜಾಗವೆಲ್ಲಿ?

ಕೂಕಬುರಾದಲ್ಲಿ ಆದದ್ದು ಇದೇ ಜಾತಿಯ ದೋಷ. ಗಮನಿಸಬೇಕಾದದ್ದು ಇನ್ನೊಂದಿದೆ: ಆಲಿಸ್ ಸ್ಪ್ರಿಂಗ್ಸ್‌ಗೆ ಬರುವ ದಾರಿಯಲ್ಲೇ, ದಕ್ಷಿಣ ಆಸ್ಟ್ರೇಲಿಯಾದ ಅಲ್ಜೆಬಕಿನಾ ಕಡೆ, ಇದೇ ರೀತಿ ಪುಶ್‌ರಾಡ್ ಸಡಿಲಾಗಿ ಒಮ್ಮೆ ಇಳಿದು ರಿಪೇರಿ ಮಾಡಿದ್ದರು. ಅಲ್ಲಿ ರೈಲು ದಾರಿ ಪಕ್ಕದಲ್ಲಿತ್ತು, ಹಾಗಾಗಿ ತೊಂದರೆ ಚಿಕ್ಕದಾಗಿ ಕಂಡಿತು.

ಬಿಗಿ ಮಾಡಿದ ನಟ್ಟು ತಾನಾಗಿ ಸಡಿಲಾಗಿದ್ದರೆ ಅದಕ್ಕೊಂದು ಕಾರಣವಿರುತ್ತದೆ. ಎಳೆ ಸವೆದಿರಬಹುದು, ನಟ್ಟಿನ ತಳ ಸಮವಾಗಿ ಕೂರದಿರಬಹುದು, ರಾಡ್ ಬಾಗಿರಬಹುದು. ಮತ್ತೆ ಬಿಗಿದಾಗ ನಟ್ಟು ಬಿಗಿಯಾಗುತ್ತದೆಯೇ ಹೊರತು ಕಾರಣ ಅಲ್ಲೇ ಉಳಿದಿರುತ್ತದೆ. ಹಾರಾಟದಲ್ಲಿ ಒಮ್ಮೆ ಬಂದ ದೋಷದ ಮೂಲ ಸಿಗುವವರೆಗೆ ಆ ದೋಷ ವಿಮಾನದಲ್ಲೇ ಇದೆ ಎಂದು ಹಿಡಿಯಬೇಕು. ನಿರ್ಜನ ಪ್ರದೇಶಕ್ಕೆ ಕಾಲಿಡುವ ಹಿಂದಿನ ಕೊನೆಯ ಊರಿನಲ್ಲಿ ಇದರ ಬಗ್ಗೆ ರಾಜಿ ಕೂಡದು. ಇಂಥ ನಟ್ಟಿನ ಮೇಲೆ ಮೆಕ್ಯಾನಿಕ್‌ಗಳು ಹಚ್ಚುವ ಬಣ್ಣದ ಗೆರೆ ಬಲು ಉಪಕಾರಿ. ನಟ್ಟಿನಿಂದ ಸ್ಕ್ರೂವರೆಗೆ ಒಂದೇ ಗೆರೆ ಎಳೆಯಿರಿ. ಮುಂದಿನ ನಿಲ್ದಾಣದಲ್ಲಿ ಮುಚ್ಚಳ ತೆಗೆದು ನೋಡಿದಾಗ ಗೆರೆ ಎರಡು ತುಂಡಾಗಿದ್ದರೆ ನಟ್ಟು ಅಲುಗಾಡಿದೆ, ಅಲ್ಲಿಗೆ ಪ್ರಯಾಣ ನಿಂತಿತು.

ನಾಲ್ಕರಲ್ಲಿ ಒಂದು ಸಿಲಿಂಡರ್ ಹೋದರೆ ಕಾಲು ಭಾಗ ಶಕ್ತಿ ಹೋಯಿತು, ಮುಕ್ಕಾಲು ಉಳಿಯಿತಲ್ಲ ಎನಿಸಬಹುದು. ಲೆಕ್ಕ ಹಾಗೆ ಬರುವುದಿಲ್ಲ. ಸಮತಟ್ಟಾಗಿ ಹಾರಲು ಎಂಜಿನ್ನಿನ ಅರ್ಧ ಶಕ್ತಿ ಬೇಕೆಂದು ಹಿಡಿಯೋಣ. ಉಳಿದರ್ಧವೇ ಏರಲು ಸಿಗುವ ಬಂಡವಾಳ. ನೆಲ 800 ಅಡಿ ಎತ್ತರದಲ್ಲಿದ್ದು ಬಿಸಿಲು 36 ಡಿಗ್ರಿ ಇದ್ದರೆ ಗಾಳಿ ಸುಮಾರು 3,500 ಅಡಿ ಎತ್ತರದಲ್ಲಿರುವಷ್ಟು ತೆಳುವಾಗಿರುತ್ತದೆ. ಎಂಜಿನ್ನಿಗೆ ಸಿಗುವುದು ನೂರಕ್ಕೆ 89ರಷ್ಟು. ಅದರಲ್ಲಿ ಕಾಲು ಭಾಗ ಕಳೆದರೆ 67. ಹಾರಲು 50 ಬೇಕೇ ಬೇಕು. ಏರಲು ಉಳಿದದ್ದು 17. ತಂಪು ಹೊತ್ತಿನಲ್ಲಿ, ಸರಿಯಿದ್ದ ಎಂಜಿನ್ನಿನಲ್ಲಿ 50 ಇದ್ದ ಜಾಗದಲ್ಲಿ 17. ಬಿಸಿಲಿನ ಜೊತೆಗೆ ಕಾಲು ಭಾಗ ಶಕ್ತಿಯೂ ಹೋದಾಗ ಏರುವ ಶಕ್ತಿಯಲ್ಲಿ ಮೂರನೇ ಎರಡು ಭಾಗ ಹೋಗಿತ್ತು.

ಮೂರನೇ ಕೊಂಡಿ: ಪೊದೆ ಕಡಿದ ಪಟ್ಟಿ

ಇಬ್ಬರೂ ಎಂಜಿನ್ನಿನ ಜೊತೆ ಗುದ್ದಾಡಿದರು, ನೆಲದ ಜೊತೆಗೂ ಗುದ್ದಾಡಿದರು. ಕೊಡಲಿ ಗುದ್ದಲಿ ಇರಲಿಲ್ಲ. ಪೊದೆಗಳನ್ನು ಕೈಯಿಂದ ಕಿತ್ತು, ಬೆಂಕಿಯಿಟ್ಟು ಸುಟ್ಟು, ಒಂದು ಪಟ್ಟಿ ಸವರಿದರು. ಚುಕ್ಕಾಣಿಯ ಬಟ್ಟೆಯ ಮೇಲೆ ಅವರು ಪೆನ್ಸಿಲಿನಲ್ಲಿ ಬರೆದಿಟ್ಟ ದಿನಚರಿ ನಂತರ ಸಿಕ್ಕಿತು. ಪೂರ್ತಿ ಭಾರದೊಂದಿಗೆ ಏಳಲು ಆ ಪಟ್ಟಿ ಸ್ವಲ್ಪದರಲ್ಲೇ ಸಾಲದೆ ಹೋಯಿತು, ಗಾಳಿ ನಡುನಡುವೆ ಬಿದ್ದುಹೋಗುತ್ತಿತ್ತು, ಏಪ್ರಿಲ್ 11ರ ಬಳಿಕ ಟೇಕಾಫ್ ಪ್ರಯತ್ನಕ್ಕೂ ಮೈಯಲ್ಲಿ ತ್ರಾಣವಿರಲಿಲ್ಲ ಎಂಬುದು ಅದರಿಂದ ತಿಳಿಯುತ್ತದೆ. ಬಾಯಾರಿಕೆ, ಸೆಕೆ, ನೊಣ, ಧೂಳು.

ಅಂಥ ನೆಲದಲ್ಲಿ ಎಷ್ಟು ಪಟ್ಟಿ ಬೇಕು? ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರ ಖಾಸಗಿ ಪೈಲಟ್‌ಗಳಿಗೆ ಕೊಡುವ ಗುಣಕಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಸಮುದ್ರಮಟ್ಟದಲ್ಲಿ, 15 ಡಿಗ್ರಿಯಲ್ಲಿ, ಗಟ್ಟಿ ರನ್‌ವೇಯಲ್ಲಿ 50 ಅಡಿ ಎತ್ತರ ದಾಟಲು 500 ಮೀಟರ್ ಬೇಕಾಗುವ ವಿಮಾನವನ್ನು ತೆಗೆದುಕೊಳ್ಳಿ. ಪ್ರತಿ 10 ಡಿಗ್ರಿ ಬಿಸಿಗೆ ನೂರಕ್ಕೆ 10 ಹೆಚ್ಚು. 36 ಡಿಗ್ರಿಯಲ್ಲಿ 605 ಮೀಟರ್. 800 ಅಡಿ ಎತ್ತರಕ್ಕೆ ನೂರಕ್ಕೆ 8, 653. ಮೆತ್ತನೆ ನೆಲಕ್ಕೆ ಕನಿಷ್ಠ ನೂರಕ್ಕೆ 25, 817. ಒಣಹುಲ್ಲಿಗೆ ನೂರಕ್ಕೆ 20, 980. ಇದರ ಮೇಲೆ ಸುರಕ್ಷತೆಗೆಂದು ಮೂರನೇ ಒಂದು ಭಾಗ ಸೇರಿಸಿದರೆ 1,300 ಮೀಟರ್. ಐನೂರು ಹೀಗೆ ಸಾವಿರದ ಮುನ್ನೂರಾಗುತ್ತದೆ, ಅದೂ ಎಂಜಿನ್ ಸರಿಯಿದ್ದರೆ. ಈ ಗುಣಕಗಳನ್ನು ಒಂದರ ಮೇಲೊಂದು ಗುಣಿಸಬೇಕು, ಕೂಡಬಾರದು. ಹೊಸಬರು ಎಡವುವುದು ಸಾಮಾನ್ಯವಾಗಿ ಅಲ್ಲೇ.

ಪೆಟ್ರೋಲ್ ಸುರಿದು ಭಾರ ಇಳಿಸಬಹುದಿತ್ತಲ್ಲವೇ? ಈ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಭಾರ ನೂರಕ್ಕೆ 10 ಕಡಿಮೆಯಾದರೆ ಬೇಕಾದ ಪಟ್ಟಿ ನೂರಕ್ಕೆ 17ರಷ್ಟು ಇಳಿಯುತ್ತದೆ, ಸ್ವಲ್ಪದರಲ್ಲೇ ಸಾಲದಿದ್ದ ಪಟ್ಟಿ ಸಾಕಾಗಿಬಿಡುತ್ತಿತ್ತೇನೋ. ನಾವು ಓದಿಕೊಳ್ಳುವುದು ಹೀಗೆ: ಎಲ್ಲಿದ್ದೇವೆಂದು ಗೊತ್ತಿದ್ದವನು ಮಾತ್ರ ಪೆಟ್ರೋಲ್ ಸುರಿಯಬಲ್ಲ. ವೇವ್ ಹಿಲ್ ವಾಯವ್ಯಕ್ಕೆ 130 ಕಿ.ಮೀ. ಎಂಬುದು ಖಚಿತವಿದ್ದರೆ ಒಂದೂವರೆ ಗಂಟೆಯ ಎಣ್ಣೆ ಇಟ್ಟುಕೊಂಡು ಉಳಿದದ್ದನ್ನು ಮರಳಿಗೆ ಬಿಡಬಹುದಿತ್ತು. ಖಚಿತವಿಲ್ಲದವನಿಗೆ ಹುಡುಕಾಡಲು ಪ್ರತಿ ಲೀಟರೂ ಬೇಕು. ದಿಕ್ಸೂಚಿಯ ತಪ್ಪು ಹೀಗೆ ಟ್ಯಾಂಕನ್ನು ತುಂಬಿಯೇ ಇರಿಸಿತು, ತುಂಬಿದ ಟ್ಯಾಂಕು ಪಟ್ಟಿಯನ್ನು ಚಿಕ್ಕದಾಗಿಸಿತು.

ಪಟ್ಟಿ ಸವರುವ ಕೆಲಸವೇ ನೀರನ್ನೂ ಕುಡಿಯಿತು. ಆ ಸೆಕೆಯಲ್ಲಿ ಮೈಮುರಿದು ದುಡಿಯುವವನ ಮೈಯಿಂದ ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್ ಬೆವರು ಹೋಗುತ್ತದೆ. ಇಬ್ಬರ ಎರಡು ಗಂಟೆಯ ದುಡಿಮೆಗೆ ಮೂರು ನಾಲ್ಕು ಲೀಟರ್. ಕೊನೆಗೆ ದಿಕ್ಸೂಚಿಯೊಳಗಿನ ಆಲ್ಕೋಹಾಲನ್ನೂ ಕುಡಿದರು. ಅದು ಮೈಯ ನೀರನ್ನು ಇನ್ನಷ್ಟು ಎಳೆಯುತ್ತದೆ. ದುಡಿಯದೆ ನೆರಳಲ್ಲಿ ಬಿದ್ದಿರಬೇಕಿತ್ತು ಎಂದು ಅವರನ್ನು ದೂರುವುದು ನ್ಯಾಯವಲ್ಲ. ಯಾರಿಗೂ ಗೊತ್ತಿಲ್ಲದ ಜಾಗದಲ್ಲಿ, ರೇಡಿಯೋ ಇಲ್ಲದೆ ಸುಮ್ಮನೆ ಕಾಯುವುದರಲ್ಲಿ ಯಾವ ಭರವಸೆಯಿತ್ತು? ಅವರ ಮುಂದಿದ್ದ ಎರಡು ದಾರಿಯೂ ಹೊರಡುವ ಮೊದಲೇ ಮುಚ್ಚಿದ್ದವು.

ಹುಡುಕಾಟ

ಏಪ್ರಿಲ್ 21ರಂದು ಕ್ವಾಂಟಾಸ್‌ನ ‘ಅಟಲಾಂಟಾ’ ವಿಮಾನದಲ್ಲಿದ್ದ ಲೆಸ್ಟರ್ ಬ್ರೈನ್ ದೂರದಲ್ಲಿ ಹೊಗೆ ಕಂಡು ಅತ್ತ ತಿರುಗಿದರು. ಪೊದೆಗಳ ನಡುವೆ ಕೂಕಬುರಾ ನಿಂತಿತ್ತು, ರೆಕ್ಕೆಯ ಕೆಳಗೆ ಒಂದು ದೇಹ ಕಂಡಿತು. ಇಳಿದು ಹನ್ನೊಂದು ದಿನವಾಗಿತ್ತು. ಸುತ್ತ ಉರಿಯುತ್ತಿದ್ದ ಪೊದೆಯ ಹೊಗೆಯೊಂದೇ ಅವರು ಸತ್ತ ಮೇಲೂ ಉಳಿದಿದ್ದ ಸಂಕೇತ. ಆಮೇಲೆ ವಾಯುಪಡೆಯ ಚಾರ್ಲ್ಸ್ ಈಟನ್ ಮುಂದಾಳತ್ವದಲ್ಲಿ, ಮೂಲನಿವಾಸಿ ಜಾಡುಗಾರರ ನೆರವಿನಿಂದ, ಒಂದು ತಂಡ ವೇವ್ ಹಿಲ್‌ನಿಂದ ನೆಲದ ಮೇಲೆ ಹೊರಟು ತಿಂಗಳ ಕೊನೆಯಲ್ಲಿ ಅಲ್ಲಿಗೆ ತಲುಪಿ ಇಬ್ಬರನ್ನೂ ಹೂಳಿತು. ಆ ನೆಲದಲ್ಲಿ ನೀರು ಎಲ್ಲಿ ಒಸರುತ್ತದೆಂದು ವಾರ್ಲ್‌ಪಿರಿ, ಗುರಿಂಜಿ ಜನಕ್ಕೆ ತಲೆತಲಾಂತರದಿಂದ ಗೊತ್ತಿತ್ತು. ಮೇಲಿಂದ ಹಾರುವವರಿಗೆ ಮಾತ್ರ ಅದು ಬರಿದಾದ ಜಾಗ.

ಅದೇ ದಾರಿ, ಇಂದು

ಇವತ್ತು ಅದೇ ದಾರಿಯನ್ನು ಒಂದು ಸೆಸ್ನಾ 172ರಲ್ಲಿ ಹೇಗೆ ಹೋಗಬೇಕು ಎಂಬುದನ್ನು ಲೆಕ್ಕ ಹಾಕಿ ನೋಡಿದರೆ, 1929ರ ಕೊಂಡಿಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ.

ಕಾಲ ಮೇ ತಿಂಗಳಿಂದ ಆಗಸ್ಟ್. ಮಳೆಗಾಲವೂ ಅಲ್ಲ, ಉರಿಯೂ ಅಲ್ಲ. ಬೆಳಕು ಹರಿಯುತ್ತಿದ್ದಂತೆ ಏಳಬೇಕು, ಬಿಸಿಲೇರಿ ಗಾಳಿ ಕುದಿಯುವ ಮೊದಲು, ಅಂದರೆ ಹನ್ನೊಂದರ ಒಳಗೆ ಇಳಿದಿರಬೇಕು. ಆಲಿಸ್ ಸ್ಪ್ರಿಂಗ್ಸ್ ಪಕ್ಕದ ಪೈನ್ ಗ್ಯಾಪ್ ರಕ್ಷಣಾ ನೆಲೆಯ ಮೇಲೆ ಹಾರಲು ಅವಕಾಶವಿಲ್ಲ, ನಕ್ಷೆಯಲ್ಲಿ ಆ ವೃತ್ತವನ್ನು ಮೊದಲೇ ಗುರುತು ಹಾಕಿಕೊಳ್ಳಿ.

ಮೊದಲ ದಿನ ಆಲಿಸ್‌ನಿಂದ ಟೆನಂಟ್ ಕ್ರೀಕ್, 250 ನಾಟಿಕಲ್ ಮೈಲಿ, ಕೆಳಗೆ ಉದ್ದಕ್ಕೂ ಸ್ಟೂವರ್ಟ್ ಹೆದ್ದಾರಿ. ಹಳೆಯ ಟೆಲಿಗ್ರಾಫ್ ತಂತಿಯ ಜಾಡನ್ನೇ ಈ ರಸ್ತೆಯೂ ಬಹುಮಟ್ಟಿಗೆ ಹಿಡಿದಿದೆ. ಎರಡನೇ ದಿನ ಟೆನಂಟ್ ಕ್ರೀಕ್‌ನಿಂದ ವಿಂಡಮ್‌ಗೆ ಹತ್ತಿರದ ಊರಾದ ಕುನನುರ್ರಾ. ಇಲ್ಲಿ ಮತ್ತೆ ಅದೇ ಪ್ರಶ್ನೆ ಎದುರಾಗುತ್ತದೆ. ನೇರ ಹೋದರೆ 389 ನಾಟಿಕಲ್ ಮೈಲಿ, ಕೂಕಬುರಾ ಬಿದ್ದ ಕಡೆಯ ಮರುಭೂಮಿಯ ಮೇಲೆಯೇ. ಹೆದ್ದಾರಿ ಹಿಡಿದು ನ್ಯೂಕಾಸಲ್ ವಾಟರ್ಸ್, ಅಲ್ಲಿಂದ ಟಾಪ್ ಸ್ಪ್ರಿಂಗ್ಸ್, ವಿಕ್ಟೋರಿಯಾ ರಿವರ್ ಡೌನ್ಸ್ ಮೇಲಿಂದ ಹೋದರೆ 431. 110 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ) ವೇಗದಲ್ಲಿ ವ್ಯತ್ಯಾಸ 23 ನಿಮಿಷ, 13 ಲೀಟರ್ ಪೆಟ್ರೋಲ್. 13 ಲೀಟರಿಗೆ ಕೆಳಗೆ ದಾರಿ, ದನದ ಕೇಂದ್ರ, ಏರ್‌ಸ್ಟ್ರಿಪ್ ಸಿಗುತ್ತವೆ. ಇದಕ್ಕಿಂತ ಅಗ್ಗದ ವಿಮೆ ಇನ್ನೊಂದಿಲ್ಲ.

ಪೆಟ್ರೋಲ್ ಲೆಕ್ಕ: 431 ಮೈಲಿಗೆ 3 ಗಂಟೆ 55 ನಿಮಿಷ, ಗಂಟೆಗೆ 35 ಲೀಟರಿನಂತೆ 137 ಲೀಟರ್. ಸ್ಟಾರ್ಟ್, ಟ್ಯಾಕ್ಸಿ, ಏರುವಿಕೆಗೆ 6. ಕೊನೆಯ ಅರ್ಧ ಗಂಟೆಯ ಮೀಸಲು 18. ಒಟ್ಟು 161. ಟ್ಯಾಂಕಿನಲ್ಲಿ ಬಳಸಬಹುದಾದದ್ದು 200. ಉಳಿದ 39 ಲೀಟರ್ ಎದುರುಗಾಳಿಗೆ, ಹೊಗೆ ಕವಿದ ಕಡೆ ಸುತ್ತಿ ಹೋಗಲು, ಹಿಂದಿರುಗಲು. ಹೊರಡುವ ಹಿಂದಿನ ದಿನ ಎರಡೂ ಕಡೆಯ ಪೆಟ್ರೋಲ್ ಬಂಕಿಗೆ ಫೋನ್ ಮಾಡಿ ಎವಿಗ್ಯಾಸ್ (ಸಣ್ಣ ವಿಮಾನಗಳ ಪೆಟ್ರೋಲ್) ಇದೆಯೇ, ಯಾವ ಕಾರ್ಡ್ ನಡೆಯುತ್ತದೆ ಎಂದು ಕೇಳಬೇಕು. ಒಳನಾಡಿನ ಹಲವು ಬಂಕುಗಳಲ್ಲಿ ಮನುಷ್ಯರೇ ಇರುವುದಿಲ್ಲ, ಆ ಎಣ್ಣೆ ಕಂಪನಿಯ ಕಾರ್ಡ್ ಇಲ್ಲದಿದ್ದರೆ ಟ್ಯಾಂಕಿನ ಪಕ್ಕದಲ್ಲೇ ಖಾಲಿ ವಿಮಾನದೊಂದಿಗೆ ಕೂರಬೇಕಾಗುತ್ತದೆ.

ಭಾರದ ಲೆಕ್ಕ ಇನ್ನೂ ಮುಖ್ಯ. ಈ ವಿಮಾನ ಸುಮಾರು 390 ಕಿಲೋ ಹೊರುತ್ತದೆ. ಇಬ್ಬರು 170 ಕಿಲೋ, ನೀರು ಮತ್ತು ಸಾಮಗ್ರಿ 45, ತುಂಬಿದ ಟ್ಯಾಂಕು 144. ಒಟ್ಟು 359, ಸಲೀಸು. ಮೂರನೆಯವರನ್ನು ಹತ್ತಿಸಿದಿರೋ, ಪೆಟ್ರೋಲಿಗೆ ಉಳಿಯುವುದು 90 ಕಿಲೋ, ಅಂದರೆ 125 ಲೀಟರ್. ಬೇಕಾದದ್ದು 161. ಆಗ ಕೈ ತಾನಾಗಿ ನೀರಿನ ಕ್ಯಾನಿನ ಕಡೆ ಹೋಗುತ್ತದೆ, ‘ಇಷ್ಟೊಂದು ಯಾಕೆ’ ಎಂದು. ನೀರನ್ನು ಇಳಿಸಬೇಡಿ, ಮೂರನೆಯವರನ್ನು ಬಸ್ಸಿನಲ್ಲಿ ಕಳಿಸಿ ಅಥವಾ ದೊಡ್ಡ ವಿಮಾನ ತನ್ನಿ.

ಆ 45 ಕಿಲೋ ಹೀಗೆ: ತಲೆಗೆ 10 ಲೀಟರಿನಂತೆ 20 ಲೀಟರ್ ನೀರು, ಎರಡೆರಡು ಲೀಟರಿನ ಬಾಟಲಿಗಳಲ್ಲಿ. ಒಂದೇ ದೊಡ್ಡ ಕ್ಯಾನ್ ಒಡೆದರೆ ಎಲ್ಲವೂ ಹೋಯಿತು. ಸುಮಾರು 3 ಮೀಟರ್ ಉದ್ದಗಲದ ಟಾರ್ಪಾಲು ಮತ್ತು ಹಗ್ಗ. ಕೈಗೊಡಲಿ, ಮಡಚುವ ಗರಗಸ, ಮಡಚುವ ಸಲಿಕೆ. 1929ರಲ್ಲಿ ಈ ಮೂರು ಇದ್ದಿದ್ದರೆ ಎಂದು ಅನಿಸದೆ ಇರದು. ಸಂಕೇತದ ಕನ್ನಡಿ, ಬೆಂಕಿಪೊಟ್ಟಣ, ಟಾರ್ಚ್. ಮುಖಕ್ಕೆ ಹಾಕುವ ನೊಣದ ಬಲೆ, ಒಬ್ಬರಿಗೊಂದು. ನೊಣ ಕಣ್ಣು ಬಾಯಿಗೆ ಮುತ್ತುತ್ತಿದ್ದರೆ ಮನುಷ್ಯ ನೆರಳಲ್ಲೂ ಸುಮ್ಮನೆ ಕೂರಲಾರ. ಎಂಜಿನ್ನಿಗೆ ಎರಡು ಲೀಟರ್ ಆಯಿಲ್, ಒಂದು ಸ್ಪಾರ್ಕ್ ಪ್ಲಗ್ ಮತ್ತು ಅದರ ಸ್ಪ್ಯಾನರ್, ಲಾಕ್‌ವೈರ್, ಇಕ್ಕುಳ, ಚಕ್ರದ ಒಂದು ಟ್ಯೂಬು, ಪಂಪು. ಔಷಧಿ ಪೆಟ್ಟಿಗೆ, ಎರಡು ದಿನದ ಒಣ ತಿಂಡಿ. ತಿಂಡಿ ಕಡಿಮೆಯಾದರೂ ಚಿಂತೆಯಿಲ್ಲ, ತಿಂದದ್ದನ್ನು ಅರಗಿಸಲೂ ನೀರೇ ಬೇಕು.

ಆಸ್ಟ್ರೇಲಿಯಾದ ನಿಯಮದಲ್ಲಿ ಮಧ್ಯ ಮರುಭೂಮಿಯನ್ನು ವಿಶೇಷ ನಿರ್ಜನ ಪ್ರದೇಶವೆಂದೇ ಗುರುತಿಸಲಾಗಿದೆ. ಬೀಕನ್ (ಅಪಾಯದಲ್ಲಿ ಒತ್ತಿದರೆ ಉಪಗ್ರಹಕ್ಕೆ ಸಂಕೇತ ಕಳಿಸುವ ಪುಟ್ಟ ಉಪಕರಣ) ಮತ್ತು ಬದುಕುಳಿಯುವ ಸಾಮಗ್ರಿ ಅಲ್ಲಿ ಒಯ್ಯಲೇಬೇಕು. ಜೊತೆಗೆ ‘ಸಾರ್‌ಟೈಮ್’ ಕೊಟ್ಟಿಡಿ: ಇಷ್ಟು ಹೊತ್ತಿನೊಳಗೆ ನಾನು ತಲುಪಿದೆ ಎಂದು ತಿಳಿಸದಿದ್ದರೆ ಹುಡುಕಲು ಶುರು ಮಾಡಿ ಎಂಬ ಗಡುವು. ಇಳಿದ ಮೇಲೆ ಅದನ್ನು ರದ್ದು ಮಾಡಲು ಮರೆಯುವುದು ಬಲು ಸಾಮಾನ್ಯವಾದ ತಪ್ಪು, ಅದಕ್ಕಾಗಿ ಬೇರೆಯವರು ಹಾರಬೇಕಾಗುತ್ತದೆ. ಕೆಳಮಟ್ಟದಲ್ಲಿ ವಿಮಾನದ ರೇಡಿಯೋ ನಿಲ್ದಾಣಗಳಿಗೆ ಮುಟ್ಟುವುದಿಲ್ಲ, ಸ್ಯಾಟಲೈಟ್ ಫೋನ್ ಜೊತೆಗಿರಲಿ. ದನದ ಕೇಂದ್ರಗಳ ಏರ್‌ಸ್ಟ್ರಿಪ್‌ಗಳು ಖಾಸಗಿ, ಮೊದಲು ಫೋನ್ ಮಾಡಿ ಕೇಳಿ. ಪಟ್ಟಿ ಒದ್ದೆಯೋ, ದನ ಅಡ್ಡ ಬರುತ್ತವೆಯೋ ಎಂಬುದನ್ನೂ ಅವರೇ ಹೇಳುತ್ತಾರೆ. ಮೂಲನಿವಾಸಿಗಳ ಭೂಮಿಯಲ್ಲಿ ಇಳಿದು ಓಡಾಡಲು ಅವರ ಭೂಮಂಡಳಿಯ ಪರವಾನಗಿ ಬೇಕು.

ಇಳಿಯಬೇಕಾಗಿ ಬಂದರೆ

ನಿಂತ ತಕ್ಷಣ ಪೆಟ್ರೋಲ್ ಕಾಕ್, ಮ್ಯಾಗ್ನೆಟೋ, ಮಾಸ್ಟರ್ ಸ್ವಿಚ್ ಆಫ್ ಮಾಡಿ ಹೊರಬನ್ನಿ. ಬೆಂಕಿಯ ಭಯವಿಲ್ಲವೆಂದು ಖಚಿತವಾದ ಕೂಡಲೇ ಬೀಕನ್ ಒತ್ತಿ, ಆಂಟೆನಾ ನೆಟ್ಟಗೆ, ಆಕಾಶ ಕಾಣುವ ಕಡೆ. ‘ಮೊದಲು ರಿಪೇರಿ ಆಗುತ್ತದೋ ನೋಡೋಣ’ ಎಂದು ತಡಮಾಡುವವರು ಇದ್ದಾರೆ. ಸ್ವಿಚ್ ಒತ್ತಿ, ಆಮೇಲೆ ನೋಡಿ. ರಿಪೇರಿಯಾದರೆ ಫೋನ್ ಮಾಡಿ ತಿಳಿಸಿದರಾಯಿತು. ವಿಮಾನದ ರೇಡಿಯೋದಲ್ಲಿ 121.5ಕ್ಕೆ ಕೂಗಿ, ಮೇಲೆ ಹೋಗುವ ದೊಡ್ಡ ವಿಮಾನಗಳು ಆ ಅಲೆಯನ್ನು ಆಲಿಸುತ್ತಿರುತ್ತವೆ.

ಮುಂದಿನದು ನೆರಳು. ವಿಮಾನದ ಒಳಗಲ್ಲ, ಅದು ಒಲೆ. ರೆಕ್ಕೆಗೆ ಟಾರ್ಪಾಲು ಇಳಿಬಿಟ್ಟು ಅದರಡಿ ಕೂತುಕೊಳ್ಳಿ. ಬಾಯಾರಿದಾಗ ಕುಡಿಯಿರಿ. ಗುಟುಕು ಗುಟುಕು ಎಂದು ನೀರು ಉಳಿಸಿ, ತುಂಬಿದ ಬಾಟಲಿಯ ಪಕ್ಕದಲ್ಲೇ ಕುಸಿದರೆ ಏನು ಬಂತು? ಮಿತ ಮಾಡಬೇಕಾದದ್ದು ಬೆವರನ್ನು. ಹೊಗೆಗೆ ಹಳೆಯ ಆಯಿಲ್, ಹಸಿ ಸೊಪ್ಪು, ಆದರೆ ಸುತ್ತ ಹತ್ತಾರು ಅಡಿ ಬರಿನೆಲ ಕೆರೆದ ಮೇಲೆ. ಸ್ಪಿನಿಫೆಕ್ಸ್ ಹುಲ್ಲಿನಲ್ಲಿ ರಾಳದಂಥ ಅಂಟು ಇದೆ, ಎಣ್ಣೆ ಹಾಕಿದಂತೆ ಹತ್ತಿಕೊಳ್ಳುತ್ತದೆ. ವಿಮಾನವನ್ನು ಬಿಟ್ಟು ನಡೆಯಬೇಡಿ. ಮೇಲಿಂದ ಹುಡುಕುವವರಿಗೆ ಹನ್ನೊಂದು ಮೀಟರ್ ಬಿಳಿ ರೆಕ್ಕೆ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ.

ರಿಪೇರಿ, ಪಟ್ಟಿ ಸವರುವುದು ಏನಿದ್ದರೂ ಬೆಳಗ್ಗೆ ಐದರಿಂದ ಎಂಟು. ಟೇಕಾಫ್‌ಗೆ ಮುಂಚೆ ಮೇಲಿನ ಗುಣಾಕಾರವನ್ನು ಕಾಗದದ ಮೇಲೆ ಮಾಡಿ, ಪಟ್ಟಿಯನ್ನು ಹೆಜ್ಜೆ ಹಾಕಿ ಅಳೆಯಿರಿ. ಏಳುವ ವೇಗದ ನೂರಕ್ಕೆ 70 ಭಾಗ ಪಟ್ಟಿಯ ಅರ್ಧದೊಳಗೆ ಬಾರದಿದ್ದರೆ ಥ್ರಾಟಲ್ ಮುಚ್ಚಿ. ಅರ್ಧದ ಜಾಗಕ್ಕೆ ಒಂದು ಬಟ್ಟೆ ಕಟ್ಟಿಡಿ, ಓಡುವಾಗ ಅಂದಾಜು ಸಿಗುವುದಿಲ್ಲ.

ಜಾಗವೇ ಕಳೆದುಹೋದದ್ದು

ಇಬ್ಬರ ದೇಹಗಳನ್ನು 1929ರಲ್ಲೇ ಇನ್ನೊಂದು ತಂಡ ತಂದಿತು. ಆಂಡರ್ಸನ್‌ರನ್ನು ಸಿಡ್ನಿಯ ಮಾಸ್‌ಮನ್‌ನಲ್ಲಿ, ಹಿಚ್‌ಕಾಕ್‌ರನ್ನು ಪರ್ತ್‌ನಲ್ಲಿ ಹೂಳಿದರು. ವಿಮಾನ ಅಲ್ಲೇ ಉಳಿಯಿತು. ಎರಡು ಸಲ ಜನ ಹೋಗಿ ಬಂದಿದ್ದ ಆ ಜಾಗ ಆಮೇಲೆ ಯಾರಿಗೂ ಸಿಗಲಿಲ್ಲ. 1961ರಲ್ಲಿ ಒಬ್ಬ ಸರ್ವೇಯರ್ ಅಕಸ್ಮಾತ್ ಅದನ್ನು ಕಂಡರು, ಮತ್ತೆ ಕಳೆದುಹೋಯಿತು. 1977ರಲ್ಲಿ ಹುಡುಕಿ ಸೋತ ಡಿಕ್ ಸ್ಮಿತ್‌ಗೆ 1978ರಲ್ಲಿ ಅದು ಸಿಕ್ಕಿತು. ಉಳಿದಿದ್ದ ಚೌಕಟ್ಟು ಈಗ ಆಲಿಸ್ ಸ್ಪ್ರಿಂಗ್ಸ್‌ನಲ್ಲಿದೆ, ಹೊರಟ ಊರಿನಲ್ಲೇ.

ಇಂದಿನ 406 ಮೆಗಾಹರ್ಟ್ಸ್ ಬೀಕನ್, ಜಿಪಿಎಸ್ ಇರುವಂಥದ್ದು, ಇದ್ದ ಜಾಗವನ್ನು ನೂರು ಮೀಟರಿನ ಆಸುಪಾಸಿನಲ್ಲಿ ಹೇಳುತ್ತದೆ. ಕೈಯಲ್ಲಿ ಹಿಡಿಯುವ ಬಗೆಯದು ಒಮ್ಮೆ ಒತ್ತಿದ ಮೇಲೆ ಕನಿಷ್ಠ 24 ಗಂಟೆ ಕೂಗುತ್ತದೆ. ಆಸ್ಟ್ರೇಲಿಯಾದ ಕಡಲ ಸುರಕ್ಷತಾ ಪ್ರಾಧಿಕಾರದಲ್ಲಿ ಅದನ್ನು ನೋಂದಾಯಿಸಿ, ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಬಾಡಿಗೆಗೆ ತಂದಿದ್ದರೆ ನೋಂದಣಿಯಲ್ಲಿರುವ ಫೋನ್ ನಂಬರ್ ಯಾರದೆಂದು ನೋಡಿಕೊಳ್ಳಿ. ಬ್ಯಾಟರಿಯ ಅವಧಿ ಮುಗಿಯುವ ತಿಂಗಳು ಅದರ ಮೈಮೇಲೆ ಅಚ್ಚಾಗಿರುತ್ತದೆ. ಹಿಂದಿನ ಸೀಟಿನ ಚೀಲದಲ್ಲಿ ಇಡಬೇಡಿ, ವಿಮಾನಕ್ಕೆ ಬೆಂಕಿ ಹತ್ತಿದರೆ ಮೊದಲು ಹೋಗುವುದು ಅದೇ. ಪೈಲಟ್‌ನ ಸೊಂಟದ ಪಟ್ಟಿಗೆ, ದಾರ ಕಟ್ಟಿ.